ಹಸುಗೂಸಿನ ಚರ್ಮವೂ ನೀರಿನ ಸೋರಿಕೆಯೂ

ಆರು ತಿಂಗಳ ಕೂಸಿನ ಕೆನ್ನೆ ಕೆಂಪೇರಿ ಒರಟಾಗಿ, ತುರಿಕೆಯಿಂದ ಮಗುವೂ ಮನೆಯವರೂ ರಾತ್ರಿಯೆಲ್ಲ ನಿದ್ರೆಗೆಡುವುದು ಅಪರೂಪದ ಸಂಗತಿಯೇನಲ್ಲ. ಇದನ್ನು ನಾವು ಇಸಬು ಎನ್ನುತ್ತೇವೆ. ವೈದ್ಯರು ಎಕ್ಸಿಮಾ ಎನ್ನುತ್ತಾರೆ. ಮನೆಯ ಹಿರಿಯರು ಕೂಡಲೆ ಹಾಲೂಡುವ ತಾಯಿಯ ಊಟದತ್ತ ಬೆರಳು ತೋರಿಸುತ್ತಾರೆ: ಬದನೆಕಾಯಿ ತಿಂದಳು, ನಂಜಾಯಿತು! ಆಕೆ ಒಂದೊಂದಾಗಿ ಪದಾರ್ಥಗಳನ್ನು ಬಿಡುತ್ತ ಹೋಗುತ್ತಾಳೆ. ಇಸಬು ಮಾತ್ರ ಬಿಡುವುದಿಲ್ಲ. ಭೌತಶಾಸ್ತ್ರದ ಕಣ್ಣಿನಿಂದ ನೋಡಿದರೆ ಆ ಕೆನ್ನೆಯಲ್ಲಿ ಮೊದಲು ಕಾಣುವುದು ನೀರಿನ ಸೋರಿಕೆ.

ಚರ್ಮದ ಉಷ್ಣತೆ ಸುಮಾರು 34 ಡಿಗ್ರಿ ಸೆಂಟಿಗ್ರೇಡು. ಈ ಉಷ್ಣತೆಯಲ್ಲಿ ಸಂತೃಪ್ತ ನೀರಾವಿಯ ಒತ್ತಡ ಪಾದರಸದ 40 ಮಿಲಿಮೀಟರಿನಷ್ಟು. 27 ಡಿಗ್ರಿಯ ಕೋಣೆಯಲ್ಲಿ ಗಾಳಿಯ ಆರ್ದ್ರತೆ ಶೇಕಡ 50 ಇದ್ದರೆ, ಅಲ್ಲಿನ ಆವಿಯ ಒತ್ತಡ ಸುಮಾರು 13 ಮಿಲಿಮೀಟರು. ಆದುದರಿಂದ ದೇಹದ ನೀರು ಸದಾ ಹೊರಬೀಳಲು ಹವಣಿಸುತ್ತಲೇ ಇರುತ್ತದೆ. ಅದನ್ನು ತಡೆಯುವುದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ತೆಳುವಾದ ಮೇಲ್ಪದರ. ಸತ್ತು ಚಪ್ಪಟೆಯಾದ ಜೀವಕೋಶಗಳೇ ಈ ಗೋಡೆಯ ಇಟ್ಟಿಗೆ. ಅವುಗಳ ನಡುವಣ ಜಿಡ್ಡೇ ಗಾರೆ. ಮೇಲಾಗಿ, 7 ಕಿಲೋಗ್ರಾಂ ತೂಗುವ ಕೂಸಿಗೆ ಪ್ರತಿ ಕಿಲೋಗ್ರಾಮಿಗೆ ಇರುವ ಚರ್ಮದ ವಿಸ್ತಾರ ನಮ್ಮದರ ಸರಿಸುಮಾರು ಇಮ್ಮಡಿ. ಚಿಕ್ಕ ವಸ್ತುವಿಗೆ ಗಾತ್ರಕ್ಕಿಂತ ಮೈಯೇ ಹೆಚ್ಚು ಎಂಬುದನ್ನು ರೇಖಾಗಣಿತ ಓದಿದವರೆಲ್ಲ ಬಲ್ಲರು.

ಕೆಲವು ಮಕ್ಕಳಲ್ಲಿ ಈ ಗೋಡೆ ಹುಟ್ಟಿನಿಂದಲೇ ದುರ್ಬಲ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾನಿಲಯದ ಇರ್ವಿನ್ ಮೆಕ್ಲೀನ್ ಮತ್ತು ಸಂಗಡಿಗರು ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿರುವ ದೋಷಕ್ಕೂ ಇಸಬಿಗೂ ನಿಕಟ ಸಂಬಂಧವಿದೆಯೆಂದು ತೋರಿಸಿದರು. ಈ ಪ್ರೋಟೀನು ಒಡೆದಾಗ ಉಂಟಾಗುವ ವಸ್ತುಗಳೇ ಮೇಲ್ಪದರದಲ್ಲಿ ನೀರನ್ನು ಹಿಡಿದಿಡುತ್ತವೆ. ಇಸಬಿದ್ದ ಮಕ್ಕಳೆಲ್ಲರಲ್ಲೂ ಈ ದೋಷವಿರುವುದಿಲ್ಲ. ಆದರೆ ಗೋಡೆ ಬಿರುಕುಬಿಟ್ಟಿರುವುದು ಸಾಮಾನ್ಯ. ಬಿರುಕಿನಿಂದ ನೀರು ಹೊರಹೋಗುವಂತೆಯೇ ಧೂಳು, ರೋಗಾಣುಗಳು ಒಳಬರುತ್ತವೆ. ಉರಿಯೂತವೂ ತುರಿಕೆಯೂ ಹೆಚ್ಚುತ್ತವೆ. ಕೆರೆದಷ್ಟೂ ಬಿರುಕು ದೊಡ್ಡದು.

ಇನ್ನು ನಮ್ಮ ಬಚ್ಚಲುಮನೆಗೆ ಬರೋಣ. ಹಂಡೆಯಲ್ಲಿ ಹಬೆಯಾಡುವ ನೀರನ್ನು ಕೂಸಿಗೆ ಎರೆದು, ಕಡಲೆಹಿಟ್ಟಿನಿಂದ ಮೈ ತಿಕ್ಕುವುದು ನಮ್ಮ ಕಡೆಯ ಪದ್ಧತಿ. ಗಟ್ಟಿ ಚರ್ಮದ ಕೂಸು ಇದನ್ನು ಸಹಿಸೀತು. ಇಸಬಿದ್ದ ಕೂಸಿಗೆ ಇದು ಶಿಕ್ಷೆಯೇ ಸರಿ. ಬಿಸಿನೀರು ಗಾರೆಯ ಜಿಡ್ಡನ್ನು ಸಡಿಲಿಸುತ್ತದೆ, ತಿಕ್ಕುವಿಕೆ ಇಟ್ಟಿಗೆಯನ್ನೇ ಕೀಳುತ್ತದೆ. ಸಾಬೂನೂ ಮಿತ್ರನಲ್ಲ: ಆರೋಗ್ಯವಂತ ಚರ್ಮದ ಪಿ.ಎಚ್. ಸುಮಾರು 5, ಸಾಮಾನ್ಯ ಸಾಬೂನಿನದು 9ರಿಂದ 10. ಹಾಗೆಂದು ಸ್ನಾನವನ್ನೇ ಬಿಡಬೇಕಾಗಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಐದು-ಹತ್ತು ನಿಮಿಷ ಸಾಕು. ಆಮೇಲಿನ ಕೆಲಸವೇ ಮುಖ್ಯ. ಮೇಲ್ಪದರ ಹೀರಿದ ನೀರು ಒದ್ದೆ ಬಟ್ಟೆಯ ನೀರಿನಂತೆ ನಿಮಿಷಗಳಲ್ಲಿ ಆವಿಯಾಗುವುದರಿಂದ, ಮೈಯನ್ನು ಮೆತ್ತಗೆ ಒತ್ತಿ ಒರೆಸಿ, ತೇವ ಆರುವ ಮೊದಲೇ ಜಿಡ್ಡು ಸವರಬೇಕು. ಅಗ್ಗದ ವ್ಯಾಸಲೀನ್ ನೀರಾವಿಗೆ ಬಲವಾದ ಅಡ್ಡಗೋಡೆ. ಫಿಲಿಪ್ಪೀನ್ಸ್‌ನ ವೈದ್ಯರು 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಶುದ್ಧ ಕೊಬ್ಬರಿ ಎಣ್ಣೆಯೂ ಇಸಬಿದ್ದ ಮಕ್ಕಳಿಗೆ ಹಿತವೆಂದು ಕಂಡುಬಂದಿತು. ದುಬಾರಿ ಆಲಿವ್ ಎಣ್ಣೆಯಾದರೋ ದೊಡ್ಡವರ ಚರ್ಮದ ಗೋಡೆಯನ್ನೇ ದುರ್ಬಲಗೊಳಿಸಿತೆಂದು 2013ರ ಇಂಗ್ಲೆಂಡಿನ ಪ್ರಯೋಗವೊಂದು ತೋರಿಸಿತು. ಬೆಲೆಗೂ ಗುಣಕ್ಕೂ ಇಲ್ಲಿ ನೆಂಟಸ್ತಿಕೆಯಿಲ್ಲ!

ಊಟದ ಮಾತು ಉಳಿಯಿತು. ಆಹಾರ ತಿಂದ ಕೆಲವೇ ನಿಮಿಷಗಳಲ್ಲಿ ಮೈಮೇಲೆ ದದ್ದು ಏಳುವ, ವಾಂತಿಯಾಗುವ ಮಕ್ಕಳು ಇದ್ದಾರೆ. ಅವರನ್ನು ವೈದ್ಯರು ಪರೀಕ್ಷಿಸಬೇಕು. ಅಂತಹ ಲಕ್ಷಣವಿಲ್ಲದೆ ಪಥ್ಯ ಮಾಡಿದರೆ ನಷ್ಟವೇ ಆದೀತು. 2015ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನದಲ್ಲಿ, ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಕೂಸುಗಳಿಗೆ ಮೊದಲು ಪರೀಕ್ಷೆ ಮಾಡಿ, ಕೆಲವರಿಗೆ ಕಡಲೆಕಾಯಿಯ ಆಹಾರ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಐದನೆಯ ವಯಸ್ಸಿಗೆ ಕಡಲೆಕಾಯಿ ಬಿಟ್ಟವರಲ್ಲಿ ಶೇಕಡ 17 ಮಂದಿಗೆ ಅದರ ಅಲರ್ಜಿ ಬಂದಿತ್ತು. ತಿಂದವರಲ್ಲಿ ಕೇವಲ ಶೇಕಡ 3 ಮಂದಿಗೆ.

ಜಿಡ್ಡಿನಿಂದಲೇ ಉರಿಯೂತ ಇಳಿಯದಿದ್ದಾಗ ವೈದ್ಯರು ಸೌಮ್ಯವಾದ ಹೈಡ್ರೋಕಾರ್ಟಿಸೋನ್ ಮುಲಾಮು ಬರೆದುಕೊಡುತ್ತಾರೆ. ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟನ್ 1952ರಲ್ಲಿ ಇದರ ಉಪಯೋಗವನ್ನು ವರದಿ ಮಾಡಿದರು. ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಹೆದರಬೇಕಾಗಿಲ್ಲ. ಅಂಗಡಿಯಲ್ಲಿ ಕೇಳಿ ತಂದ ತೀಕ್ಷ್ಣ ಮುಲಾಮಿನ ಮಾತು ಬೇರೆ. ಗಾಯದ ಮೇಲೆ ಹಳದಿ ಹಕ್ಕಳೆ ಕಟ್ಟಿದರೆ ಬೇಗ ವೈದ್ಯರಿಗೆ ತೋರಿಸಬೇಕು. ಜ್ವರದೊಡನೆ ಗುಂಪುಗುಂಪಾಗಿ ನೀರುಗುಳ್ಳೆಗಳೆದ್ದರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು.