ಗಣಕಯಂತ್ರಕ್ಕೆ ಶ್ರುತಿಜ್ಞಾನ

ಕಿಗ್ಗದ ಸಮೀಪದ ಸಿರಿಮನೆ ಜಲಪಾತದ ಭೋರ್ಗರೆತವನ್ನೂ ಯಕ್ಷಗಾನದ ಭಾಗವತರ ಕಂಠವನ್ನೂ ಗಣಕಯಂತ್ರಕ್ಕೆ ಕೇಳಿಸಿದರೆ, ಅದು ಎರಡನ್ನೂ ಬರಿಯ ಅಂಕೆಗಳ ಸಾಲೆಂದೇ ಗ್ರಹಿಸುವುದು. ಮೊದಲನೆಯದರಲ್ಲಿ ಶ್ರುತಿಯಿಲ್ಲ, ಎರಡನೆಯದರಲ್ಲಿದೆ ಎಂಬುದನ್ನು ನಾವೇ ಅದಕ್ಕೆ ಕಲಿಸತಕ್ಕದ್ದು.

ಧ್ವನಿಮುದ್ರಣದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 44,100 ಅಂಕೆಗಳಿರುತ್ತವೆ. ಈ ಸಾಲಿನ ನಕಲೊಂದನ್ನು ಕ್ರಮವಾಗಿ ಸರಿಸುತ್ತ ಮೂಲದೊಡನೆ ಹೋಲಿಸಬೇಕು. 300 ಅಂಕೆ ಸರಿಸಿದಾಗ ಎರಡೂ ಕೂಡಿಬಂದರೆ ಕಂಪನವು ಸೆಕೆಂಡಿಗೆ 147. ಜಲಪಾತದ ಸದ್ದು ಎಷ್ಟು ಸರಿಸಿದರೂ ಕೂಡಿಬಾರದು. ಆದರೆ ಸ್ವರವು 600ಕ್ಕೂ ಕೂಡಿಬರುವುದರಿಂದ ಯಂತ್ರವು ಒಂದು ಸ್ಥಾಯಿ ಕೆಳಕ್ಕೆ ಜಾರುವುದುಂಟು. 2002ರಲ್ಲಿ ಶೆವೆನ್ಯೆ, ಕವಾಹರ ಎಂಬಿಬ್ಬರು ಪ್ರಕಟಿಸಿದ ‘ಯಿನ್’ ವಿಧಾನವು ಇಂತಹ ಪ್ರಮಾದಗಳನ್ನು ಬಹುಮಟ್ಟಿಗೆ ತಗ್ಗಿಸಿತು.

ನಿಜವಾದ ಕಷ್ಟವು ಅನಂತರದ್ದು. ಅನೇಕ ಶ್ರುತಿಶೋಧಕಗಳು ದೊರೆತ ಕಂಪನವನ್ನು ಪಿಯಾನೋದ ಹನ್ನೆರಡು ಸಮಭಾಗಗಳಲ್ಲೊಂದಕ್ಕೆ ನೂಕುತ್ತವೆ. ತೋಡಿಯ ಗಾಂಧಾರದ ಓಲಾಟವು ಅವುಗಳ ಪಾಲಿಗೆ ಅಪಸ್ವರ! ಗಾಯಕನ ಷಡ್ಜವಾವುದೆಂದು ವಿಚಾರಿಸುವ ಸೌಜನ್ಯವೂ ಅವಕ್ಕಿಲ್ಲ. ಚೆಂಡೆಮದ್ದಳೆಗಳು ಸೇರಿದ ಬಳಿಕ ಹೇಳುವುದೇನು?

ಈ ಕೊರತೆಯನ್ನು ಮನಗಂಡು, 2011ರಿಂದ 2017ರವರೆಗೆ ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯವು ಯೂರೋಪಿನ ಧನಸಹಾಯದಿಂದ ಕರ್ನಾಟಕ ಸಂಗೀತವೇ ಮೊದಲಾದ ಐದು ಪರಂಪರೆಗಳನ್ನು ಶೋಧಿಸಿತು. ಅವರು ಅಭಿನಂದನಾರ್ಹರೇ ಸರಿ. ಆ ಐದರಲ್ಲಿ ಯಕ್ಷಗಾನವಿರಲಿಲ್ಲ. ಅದಕ್ಕೂ ಪರದೇಶದವರ ದಾರಿ ಕಾಯುವುದು ನಮಗೆ ಶೋಭಿಸದು. ಶೃಂಗೇರಿ, ಕೊಪ್ಪ ಸೀಮೆಗಳ ವಯೋವೃದ್ಧ ಭಾಗವತರ ಕಂಠವನ್ನು ವಾದ್ಯಗಳಿಂದ ಪ್ರತ್ಯೇಕವಾಗಿ, ಷಡ್ಜವನ್ನು ನಮೂದಿಸಿ, ಮುದ್ರಿಸಿಕೊಳ್ಳಲು ನಮ್ಮ ವಿಶ್ವವಿದ್ಯಾಲಯಗಳು ಬರುವ ಮಳೆಗಾಲದಲ್ಲಿಯೇ ಹೊರಡಬೇಕು. ಮೇಳಗಳ ತಿರುಗಾಟ ನಿಂತು ಕಲಾವಿದರು ಮನೆಗಳಲ್ಲಿ ದೊರೆಯುವ ಕಾಲವದು.