ಎಂಬಿಎ ಮಾಡ್ಬೇಕಾ? ಮೊದಲು ಈ ಲೆಕ್ಕ ಹಾಕಿ

ಹೋದ ವಾರ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಮೈಸೂರಿನಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. "ಅಣ್ಣಾ, ಕ್ಯಾಟ್ ಕೋಚಿಂಗ್ ಸೇರ್ಕೊಳ್ಳಲಾ? ಭಾನುವಾರದೊಳಗೆ ಫೀಸ್ ಕಟ್ಟಿದ್ರೆ ಡಿಸ್ಕೌಂಟ್ ಅಂತೆ." ಎಂಬಿಎ ಯಾಕಮ್ಮಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೋಡಿಂಗ್ ಬೋರು. ಫ್ರೆಂಡ್ಸೆಲ್ಲ ಬರೀತಿದಾರೆ" ಅಂದಳು.

ನಗು ಬರಲಿಲ್ಲ. ಕೆಲಸಕ್ಕೆ ಸೇರಿ ಎರಡು ವರ್ಷ ಆದಾಗ ನಾನು ಕ್ಯಾಟ್ ಬರೆದಿದ್ದೂ ಇದೇ ಕಾರಣಕ್ಕೆ. 91 ಪರ್ಸೆಂಟೈಲ್ ಬಂತು. ಊರಲ್ಲಿ ಅಪ್ಪ ಸ್ವೀಟ್ ಹಂಚಿದರು. ಐಐಎಂ ಕರೆ ಒಂದೂ ಬರಲಿಲ್ಲ. ಹೊರರಾಜ್ಯದ ಒಂದು ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಎರಡು ವರ್ಷಕ್ಕೆ 18 ಲಕ್ಷ, ಹತ್ತು ದಿನದೊಳಗೆ ಮೊದಲ ಕಂತು. ಬ್ಯಾಂಕಿನವರು ಅಡಮಾನ ಕೇಳಿದರು. ಅಪ್ಪ ಒಂದು ಮಾತೂ ಆಡದೆ ಬೀರುವಿನಿಂದ ಮನೆ ಪತ್ರ ತಂದು ಟೇಬಲ್ ಮೇಲಿಟ್ಟರು.

ಆ ಪತ್ರ ನೋಡಿದ ಮೇಲೇ ನಾನು ಲೆಕ್ಕ ಹಾಕಲು ಕೂತಿದ್ದು. 18 ಲಕ್ಷಕ್ಕೆ ಶೇ 10ರ ಬಡ್ಡಿ, ಹತ್ತು ವರ್ಷ ಅಂದರೆ ತಿಂಗಳಿಗೆ ಸುಮಾರು 23,800 ರೂಪಾಯಿ ಇಎಂಐ. ಓದುವಾಗ ಕಂತು ಕಟ್ಟಬೇಕಿಲ್ಲ ನಿಜ, ಆದರೆ ಬಡ್ಡಿ ಓಡ್ತಾನೇ ಇರುತ್ತೆ. ವರ್ಷಕ್ಕೆ 6 ಲಕ್ಷದ ಸಂಬಳ ಎರಡು ವರ್ಷ ಬಿಟ್ಟರೆ ಇನ್ನೊಂದು 12 ಲಕ್ಷ. ಅಲ್ಲಿಗೆ ಬಡ್ಡಿ ಬಿಟ್ಟೇ 30 ಲಕ್ಷ. ಬ್ರೋಷರ್‌ನಲ್ಲಿ ಈ 12 ಲಕ್ಷದ ಸುದ್ದಿಯೇ ಇರಲ್ಲ.

ಅದೇ ಕಾಲೇಜಿನಲ್ಲಿ ಓದಿದ ಇಬ್ಬರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮಾತಾಡಿದೆ. ಒಬ್ಬರು ಬ್ಯಾಂಕೊಂದರ ಸೇಲ್ಸ್‌ನಲ್ಲಿದ್ದರು. ಪ್ಯಾಕೇಜ್ ದೊಡ್ಡದೇ, ಆದರೆ ಅದರಲ್ಲಿ ಒಂದಷ್ಟು ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವ ದುಡ್ಡು. ಕೈಗೆ ಬರುತ್ತಿದ್ದುದು ನನ್ನ ಸಂಬಳಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇನ್ನೊಬ್ಬರಿಗೆ ಮೊದಲಿನಿಂದಲೂ ಮಾರ್ಕೆಟಿಂಗೇ ಬೇಕಿತ್ತು, ಅವರು ಖುಷಿಯಾಗಿದ್ದರು. "ನಿಮಗೆ ಯಾವ ಕೆಲಸ ಬೇಕು?" ಅಂತ ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಸೀಟು ಬಿಟ್ಟೆ. ಸ್ವೀಟ್ ಹಂಚಿಯಾಗಿತ್ತಲ್ಲ, ಅಪ್ಪ ಒಂದು ವಾರ ಮಾತು ಬಿಟ್ಟರು.

ಬಿಟ್ಟಿದ್ದೇ ಸರಿ ಅಂತ ಎದೆ ತಟ್ಟಿ ಹೇಳುವುದಿಲ್ಲ. ಅದೇ ವರ್ಷ ಐಐಎಂ ಸೇರಿದ ಸಹೋದ್ಯೋಗಿ ಈಗ ಪ್ರಾಡಕ್ಟ್ ಮ್ಯಾನೇಜರ್. ಅವನಂಥವರು ಬರೆದ ಟಿಕೆಟ್‌ಗಳನ್ನೇ ನಾನು ದಿನಾ ಕ್ಲೋಸ್ ಮಾಡೋದು! ಆದರೆ ಅವನಿಗೆ ತನಗೆ ಬೇಕಾದ ಕೆಲಸ ಮೊದಲೇ ಗೊತ್ತಿತ್ತು. ಕಾಲೇಜಿನ ಹೆಸರು ನೋಡಿ ಬ್ಯಾಂಕು ಅಡಮಾನವನ್ನೂ ಕೇಳಲಿಲ್ಲ. ಸಾಲಕ್ಕೆ ಮನೆ ಪತ್ರ ಕೇಳುತ್ತಾರಾ ಇಲ್ಲವಾ ಅನ್ನೋದರಲ್ಲೇ ಬ್ಯಾಂಕು ಆ ಕಾಲೇಜಿನ ಬಗ್ಗೆ ಏನಂದುಕೊಂಡಿದೆ ಅಂತ ಅರ್ಧ ಗೊತ್ತಾಗುತ್ತೆ.

ಇಷ್ಟಾದ ಮೇಲೂ ಬರೆಯಬೇಕು ಅನಿಸಿದರೆ ಖಂಡಿತ ಬರೀರಿ. ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ, ಅರ್ಜಿ ಶುರುವಾಗೋದು ಆಗಸ್ಟ್‌ನಲ್ಲಿ. ಮೂರು ವಿಭಾಗ, ತಲಾ 40 ನಿಮಿಷ. ಗಣಿತದಲ್ಲಿ ಉಳಿಸಿದ ಸಮಯವನ್ನು ಇಂಗ್ಲಿಷಿಗೆ ಒಯ್ಯೋ ಹಾಗಿಲ್ಲ. ನನ್ನ ಹಾಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹೆದರಿಕೆ ಇಂಗ್ಲಿಷ್ ಗದ್ಯಭಾಗದ್ದೇ. ಅದಕ್ಕೆ ಪದಪಟ್ಟಿ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ದಿನಕ್ಕೆ ಒಂದು ಗಟ್ಟಿ ಲೇಖನ ಓದಿ, ಬರೆದವರ ವಾದವನ್ನು ಕನ್ನಡದಲ್ಲೇ ಎರಡು ಸಾಲಿನಲ್ಲಿ ಯಾರಿಗಾದರೂ ಹೇಳಿ. ನನಗೆ ಇದು ಕೆಲಸ ಮಾಡಿತು. ಲಾಜಿಕಲ್ ರೀಸನಿಂಗ್‌ನಲ್ಲಿ ಯಾವ ಸೆಟ್ ಮುಟ್ಟಬಾರದು ಅಂತ ಗೊತ್ತಾಗೋದೇ ವಿದ್ಯೆ. ಎರಡು ಗಂಟೆ ಮಾಕ್ ಟೆಸ್ಟ್ ಬರೆದರೆ, ತಪ್ಪಾದದ್ದನ್ನು ನೋಡಲು ಮೂರು ಗಂಟೆ ಇಡಿ.

ಇನ್ನೊಂದು ವಿಷಯ ಕೋಚಿಂಗ್‌ನವರು ಮೊದಲ ದಿನ ಹೇಳಲ್ಲ. ಎಷ್ಟೋ ಐಐಎಂಗಳು ಸಂದರ್ಶನಕ್ಕೆ ಕರೆಯುವಾಗ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳನ್ನೂ ಲೆಕ್ಕಕ್ಕೆ ತಗೋತವೆ. ಯಾವುದಕ್ಕೆ ಎಷ್ಟು ತೂಕ ಅಂತ ಆಯಾ ಐಐಎಂ ವೆಬ್‌ಸೈಟಿನ ಪ್ರವೇಶ ನೀತಿಯಲ್ಲಿರುತ್ತೆ. ಫೀಸ್ ಕಟ್ಟುವ ಮುಂಚೆ ಓದಿ.

ಈಗಲೇ ಹೋಗಬೇಕು ಅಂತಲೂ ಇಲ್ಲ. ಕ್ಯಾಟ್ ಅಂಕ ಒಂದು ವರ್ಷಕ್ಕೆ ಮಾತ್ರ. ಜಿಮ್ಯಾಟ್, ಜಿಆರ್‌ಇ ಅಂಕ ಐದು ವರ್ಷ ನಡೆಯುತ್ತೆ. ಕೆಲಸದ ಅನುಭವ ಆದವರಿಗೆ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲೇ ಒಂದು ವರ್ಷದ ಕೋರ್ಸಿದೆ, ಕೆಲಸ ಬಿಡದೆ ಓದುವ ಕೋರ್ಸೂ ಇದೆ.

ನಿನ್ನೆ ತಂಗಿ ಮತ್ತೆ ಫೋನ್ ಮಾಡಿದಳು. ಎಂಬಿಎ ಮುಗಿಸಿದ ಸೀನಿಯರ್ ಒಬ್ಬರ ನಂಬರ್ ಸಿಕ್ಕಿದೆಯಂತೆ. "ಏನ್ ಕೇಳ್ಲಿ ಅಣ್ಣಾ?"

"ಪ್ಯಾಕೇಜ್ ಕೇಳ್ಬೇಡ. ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಆಫೀಸಲ್ಲಿ ಕೂತು ಏನ್ ಮಾಡ್ತೀರಾ ಅಂತ ಕೇಳು."

ಅಂದಹಾಗೆ, ಆ ಕೋಚಿಂಗ್ ಡಿಸ್ಕೌಂಟ್ ಇನ್ನೂ ಒಂದು ವಾರ ಮುಂದಕ್ಕೆ ಹೋಗಿದೆಯಂತೆ.