ಥೇಲಿಸ್‌ನ ಗಾಣ, ನನ್ನ ನಲವತ್ತು ಸೀರೆ

ಎಂಜಿನಿಯರಿಂಗ್ ಓದಿದ ನನಗೂ ಗ್ರೀಕ್ ತತ್ವಜ್ಞಾನಕ್ಕೂ ಸಂಬಂಧವೇ ಇರಲಿಲ್ಲ. ಮೊದಲು ಸಿಕ್ಕಿದ್ದು ಒಂದು ಬಿಸಿನೆಸ್ ವಿಡಿಯೋದಲ್ಲಿ, ಥೇಲಿಸ್‌ನ ಕಥೆಯಾಗಿ.

ಕ್ರಿ.ಪೂ. 6ನೇ ಶತಮಾನದ ಥೇಲಿಸ್ ಮಿಲೆಟಸ್ ಊರಿನವನು. ಇಷ್ಟು ತಿಳಿದೂ ಬಡವನಾಗೇ ಇದೀಯಲ್ಲ ಅಂತ ಜನ ಹಂಗಿಸ್ತಿದ್ರಂತೆ. ಅವನು ನಕ್ಷತ್ರ ನೋಡಿ ಆಲಿವ್ ಬೆಳೆ ಭರ್ಜರಿ ಬರುತ್ತೆಂದು ಲೆಕ್ಕ ಹಾಕಿದ. ಚಳಿಗಾಲದಲ್ಲೇ ಸ್ವಲ್ಪ ಮುಂಗಡ ಕೊಟ್ಟು ಎಣ್ಣೆ ಗಾಣಗಳನ್ನೆಲ್ಲ ಹಿಡಿದಿಟ್ಟ. ಸುಗ್ಗಿಯಲ್ಲಿ ಕೇಳಿದಷ್ಟು ಬಾಡಿಗೆ ಸಿಕ್ಕಿತು.

ನನಗೆ ಹೊಳೆದದ್ದು ಇಳಕಲ್ ಸೀರೆ. ನಮ್ಮ ಕುಷ್ಟಗಿಯಿಂದ ಇಳಕಲ್ ದೂರವೇನಲ್ಲ. ಈ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸ್ತಾರೆ. ಅವಸರ ಮಾಡಿದರೆ ಕೈಮಗ್ಗದಲ್ಲಿ ಸೀರೆ ಇಳಿಯೋದಿಲ್ಲ. ಹಾಗಿದ್ದರೆ ಮದುವೆ ಸೀಸನ್ನಿಗೆ ಮೊದಲೇ ಮಗ್ಗ ಹಿಡಿದರೆ ಹೇಗೆ? 2020ರ ಜನವರಿಯಲ್ಲಿ ಮೂರು ಮನೆಗಳಿಗೆ 40 ಸೀರೆ ಹೇಳಿ, ಒಂದಕ್ಕೆ 500 ರೂಪಾಯಿ ಮುಂಗಡ ಕೊಟ್ಟೆ. ಬಾಕಿ 1,100 ಸೀರೆ ಕೈಗೆ ಬಂದಾಗ.

ಮಾರ್ಚ್ 25ಕ್ಕೆ ಲಾಕ್‌ಡೌನ್. ಮದುವೆಗಳೆಲ್ಲ ಮುಂದಕ್ಕೆ ಹೋದವು.

ಹಿರಿಯ ನೇಕಾರರು ಫೋನ್ ಮಾಡಿದರು. “ತಮ್ಮಾ, ಇಪ್ಪತ್ತಾರು ಮುಗದಾವ. ಏನ್ ಮಾಡೂನು?” ರೊಕ್ಕದ ಮಾತೇ ಎತ್ತಲಿಲ್ಲ. ಗೆಳೆಯನೊಬ್ಬ, “ಬರವಣಿಗೆಯಲ್ಲಿ ಏನೂ ಇಲ್ಲ, ಮುಂಗಡ ಹೋಯ್ತು ಅಂತ ಕೈ ತೊಳಕೋ” ಎಂದ. ಎರಡು ದಿನ ನಾನೂ ಹಾಗೇ ಯೋಚಿಸಿದೆ, ಸುಳ್ಳೇಕೆ ಹೇಳಲಿ.

ಆಗ ಅರಿಸ್ಟಾಟಲ್‌ನ ‘ಪಾಲಿಟಿಕ್ಸ್’ ತೆಗೆದು ಓದಿದೆ. ಥೇಲಿಸ್ ಕಥೆ ಇರೋದು ಅಲ್ಲೇ. ವಿಡಿಯೋದವರು ಬಿಟ್ಟ ಸಾಲುಗಳೇ ಮುಖ್ಯ. ತತ್ವಜ್ಞಾನಿಗೂ ಹಣ ಮಾಡೋಕೆ ಬರುತ್ತೆ, ಆದರೆ ಅವನ ಆಸಕ್ತಿ ಅದಲ್ಲ ಅಂತ ತೋರಿಸಿದನಂತೆ. ಥೇಲಿಸ್ ಮಾಡಿದ್ದು ಏಕಸ್ವಾಮ್ಯದ ಉಪಾಯ ಅಂತಲೂ ಅರಿಸ್ಟಾಟಲ್ ಬರೆದಿದ್ದಾನೆ. ಗಾಣ ಖಾಲಿ ನಿಂತಿದ್ದರೆ ಥೇಲಿಸ್‌ಗೆ ಹೋಗ್ತಿದ್ದದ್ದು ಮುಂಗಡವಷ್ಟೇ. ನನ್ನ ಲೆಕ್ಕದಲ್ಲಿ ಮೂರು ಮನೆಯವರು ಆಗಲೇ ನೇಯ್ದಾಗಿತ್ತು.

ಜೀನೋ ಅನ್ನೋ ಸೈಪ್ರಸ್ ವ್ಯಾಪಾರಿಯೂ ಆ ದಿನಗಳಲ್ಲೇ ಸಿಕ್ಕ. ನೇರಳೆ ಬಣ್ಣದ ಸರಕು ತುಂಬಿದ ಹಡಗು ಮುಳುಗಿ, ಅಥೆನ್ಸಿನ ಪುಸ್ತಕದಂಗಡಿಯಲ್ಲಿ ಸಾಕ್ರಟೀಸನ ಬಗ್ಗೆ ಓದಿ, ಕೊನೆಗೆ ಸ್ಟೋಯಿಕ್ ಪಂಥವನ್ನೇ ಶುರು ಮಾಡಿದನಂತೆ. ಅದೇ ಪಂಥದ ಎಪಿಕ್ಟೆಟಸ್ ಗುಲಾಮನಾಗಿದ್ದವನು. ಯಾವುದು ನಮ್ಮ ಕೈಯಲ್ಲಿದೆ, ಯಾವುದು ಇಲ್ಲ ಅನ್ನೋದನ್ನು ಮೊದಲು ಬೇರೆ ಮಾಡು ಅನ್ನುತ್ತಾನೆ. ಲಾಕ್‌ಡೌನ್ ನನ್ನ ಕೈಯಲ್ಲಿರಲಿಲ್ಲ, ಬಾಕಿ 28,600 ರೂಪಾಯಿ ಇತ್ತು. ಪುಣ್ಯಕ್ಕೆ ನೌಕರಿ ಬಿಟ್ಟಿರಲಿಲ್ಲ. ನಾಲ್ಕು ಸಂಬಳದಲ್ಲಿ ತೀರಿಸಿದೆ. ನೇಯದೇ ಉಳಿದ ಹದಿನಾಲ್ಕು ಸೀರೆಯ ಮುಂಗಡ ವಾಪಸ್ ಕೇಳಲಿಲ್ಲ.

ಇದನ್ನೆಲ್ಲ ಅವ್ವನಿಗೆ ವಿವರಿಸಿದರೆ, “ಅದಕ್ಕ ಗ್ರೀಸ್ ತನಕಾ ಯಾಕ್ ಹೋಗಬೇಕಾಗಿತ್ತೋ? ಲಕ್ಕಮ್ಮ ಗಂಡಗ ಹೇಳಿದ್ದೂ ಅದನ್ನ” ಅಂದಳು. ಆಯ್ದಕ್ಕಿ ಲಕ್ಕಮ್ಮ ಪಕ್ಕದ ಲಿಂಗಸುಗೂರು ತಾಲೂಕಿನ ಅಮರೇಶ್ವರದವಳು. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮದಲ್ಲ, ಅಲ್ಲೇ ಸುರಿದು ಬಾ ಎಂದು ಕಳಿಸಿದವಳು.

ಈಗ ಗಿರಾಕಿ ಹೇಳಿದ ಮೇಲೇ ಮಗ್ಗಕ್ಕೆ ಹೇಳ್ತೀನಿ, ನೂಲಿನ ರೊಕ್ಕ ಮೊದಲೇ ಕೊಡ್ತೀನಿ. ಲಾಭ ಕಡಿಮೆ. ಆ 26 ಸೀರೆ ಖರ್ಚಾಗಲು ಎರಡು ವರ್ಷ ಹಿಡಿಯಿತು. ಒಂದನ್ನು ಅವ್ವ ಇಟ್ಟುಕೊಂಡಳು. ತಮಾಷೆಗೆ ರೊಕ್ಕ ಕೇಳಿದ್ದಕ್ಕೆ ಇನ್ನೂ ಬೈತಾಳೆ.